ಸತ್ತವರ ಹೆಸರಿಗೆ ಮೊದಲು ಯಾವ ಪದ? ಬೇರೆ ಧರ್ಮಗಳನ್ನು ಓದುವುದರಿಂದ ಅಚ್ಚುಮನೆಯವನಿಗೆ ಏನು ಲಾಭ?

ಪ್ರಶ್ನೆ: ಅಚ್ಚುಮನೆ, ಕೊಪ್ಪಳ

ಕೊಪ್ಪಳದಲ್ಲಿ ನನ್ನದೊಂದು ಚಿಕ್ಕ ಅಚ್ಚುಮನೆ ಇದೆ. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸಿ ಕಾಲಿನಿಂದ ತುಳಿಯುವ ಟ್ರೆಡಲ್ ಇತ್ತು. ಈಗ ಎರಡು ಕಂಪ್ಯೂಟರ್, ಒಂದು ಹಳೆಯ ಆಫ್‌ಸೆಟ್. ಮದುವೆಯ ದಿನಗಳಲ್ಲಿ ಲಗ್ನಪತ್ರಿಕೆ, ಗವಿಸಿದ್ಧೇಶ್ವರ ಜಾತ್ರೆ ಹತ್ತಿರ ಬಂದರೆ ಕರಪತ್ರ, ನಡುವೆ ಬಿಲ್ ಪುಸ್ತಕ. ಸಾವಿನ ಪತ್ರಿಕೆಗೆ ಮಾತ್ರ ಹಂಗಾಮಿಲ್ಲ, ಹನ್ನೆರಡು ತಿಂಗಳೂ ಬರುತ್ತದೆ.

ಸಾವಿನ ಕೆಲಸ ಯಾವಾಗಲೂ ಅವಸರದ್ದು. ಸಂಜೆ ಬಂದವರಿಗೆ ಬೆಳಿಗ್ಗೆ ಕೊಡಬೇಕು. ಅದಕ್ಕೆಂದೇ ಕಂಪ್ಯೂಟರಿನಲ್ಲಿ ‘ಸಾವು 1’, ‘ಸಾವು 2’ ಎಂದು ಕಡತಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಕೈಲಾಸವಾಸಿ, ಇನ್ನೊಂದರಲ್ಲಿ ವೈಕುಂಠವಾಸಿ, ಮೂರನೆಯದರಲ್ಲಿ ಲಿಂಗೈಕ್ಯ, ನಾಲ್ಕನೆಯದರಲ್ಲಿ ಮರ್ಹೂಮ್. ಹೆಸರು, ದಿನಾಂಕ, ಫೋಟೊ ಬದಲಾಯಿಸಿದರೆ ಮುಗಿಯಿತು.

ಕಳೆದ ತಿಂಗಳು ರಾತ್ರಿ ಎಂಟರ ಸುಮಾರಿಗೆ ಒಬ್ಬ ಯುವಕ ಬಂದ. ತಂದೆ ತೀರಿಕೊಂಡಿದ್ದರು, ನುಡಿನಮನಕ್ಕೆ ಇನ್ನೂರು ಪತ್ರಿಕೆ ಬೇಕಿತ್ತು. ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ಬಾಬಾಸಾಹೇಬರ ಚಿತ್ರ ಹಾಕಲು ಹೇಳಿ ಹೋದ. ಕಂಪೋಸ್ ಮಾಡುವ ಹುಡುಗ ರೂಢಿಯಂತೆ ‘ಸಾವು 1’ ತೆರೆದ. ಪ್ರೂಫನ್ನು ಮೊಬೈಲಿಗೆ ಕಳಿಸಿದೆವು. ದುಃಖದ ಮನೆ, ಯಾರು ಓದುತ್ತಾರೆ? ಸರಿ ಎಂದರು. ನಾನೂ ಓದಲಿಲ್ಲ. ಬುದ್ಧನ ಚಿತ್ರದ ಕೆಳಗೆ ‘ಕೈಲಾಸವಾಸಿ’ ಎಂದು ಇನ್ನೂರು ಪ್ರತಿ ಅಚ್ಚಾದವು.

ಬೆಳಿಗ್ಗೆ ಆತ ಬಂದು ಒಂದು ಪತ್ರಿಕೆ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. “ಅಣ್ಣಾ, ನಮ್ಮಪ್ಪ ನಲವತ್ತು ವರ್ಷ ಒಂದು ಮಾತು ಹಿಡಿದು ಬದುಕಿದವರು. ಅವರನ್ನು ನೀವು ಒಂದೇ ರಾತ್ರಿಯಲ್ಲಿ ಕೈಲಾಸಕ್ಕೆ ಕಳಿಸಿಬಿಟ್ಟಿರಿ” ಎಂದ. ಅಷ್ಟೇ. ಬೈದಿದ್ದರೆ ನಾನೂ ಎರಡು ಮಾತಾಡಿ ಮರೆಯುತ್ತಿದ್ದೆನೇನೋ. ಎರಡು ಗಂಟೆಯಲ್ಲಿ ಬೇರೆ ಅಚ್ಚು ಹಾಕಿಕೊಟ್ಟೆ, ಹಣ ಪಡೆಯಲಿಲ್ಲ. ತಪ್ಪಾದ ಇನ್ನೂರನ್ನು ರದ್ದಿಗೆ ಹಾಕಲು ಕೈ ಬಾರದೆ ಕಪಾಟಿನಲ್ಲಿ ಇಟ್ಟಿದ್ದೇನೆ.

ಅಂದಿನಿಂದ ಒಂದು ವಿಷಯ ಕೊರೆಯುತ್ತಿದೆ. ಮೂವತ್ತು ವರ್ಷದಿಂದ ಎಲ್ಲ ಧರ್ಮದವರ ಹುಟ್ಟು, ಮದುವೆ, ಸಾವನ್ನು ಅಚ್ಚು ಹಾಕುತ್ತಿದ್ದೇನೆ. ಯಾವ ಪದಕ್ಕೆ ಏನು ಅರ್ಥ ಎಂಬುದು ಗೊತ್ತಿಲ್ಲ. ಈಗ ಐವತ್ತೆರಡರ ವಯಸ್ಸಿನಲ್ಲಿ, ಪಿಯುಸಿ ಓದಿದ ನಾನು, ಜಗತ್ತಿನ ಧರ್ಮಗಳನ್ನು ಓದಲು ಕುಳಿತರೆ ಏನಾದರೂ ಪ್ರಯೋಜನವಿದೆಯೇ? ಭಾವಮೈದುನ ಹೇಳುವುದು: “ನಿನಗೆ ಬೇಕಿರುವುದು ಧರ್ಮಶಾಸ್ತ್ರವಲ್ಲ, ಪ್ರೂಫ್ ನೋಡುವವನು.” ಅವ್ವನ ಹೆದರಿಕೆ ಬೇರೆ. ಬೇರೆಯವರ ದೇವರನ್ನು ಓದುತ್ತ ಕೂತರೆ ನಮ್ಮ ಜಗುಲಿಯ ದೇವರು ಮುನಿಯುತ್ತಾನಂತೆ. ಬಲ್ಲವರು ತಿಳಿಸಿ. ಓದುವುದಾದರೆ ಎಲ್ಲಿಂದ ಶುರುಮಾಡಲಿ?

ನೇರಮಾತು, ಗಂಗಾವತಿ

ನಿಮ್ಮ ಭಾವಮೈದುನ ಹೇಳಿದ್ದೇ ಸರಿ. ‘ದೇವನೊಬ್ಬ ನಾಮ ಹಲವು’ ಎಂದು ನಮ್ಮ ಹಿರಿಯರು ಯಾವತ್ತೋ ಮುಗಿಸಿದ್ದಾರೆ. ಎಲ್ಲ ಧರ್ಮವೂ ಹೇಳುವುದು ಒಂದೇ. ಅದನ್ನು ತಿಳಿಯಲು ಹತ್ತು ಪುಸ್ತಕ ಬೇಕಿಲ್ಲ, ನಾಲ್ಕು ವಚನ ಓದಿದರೆ ಸಾಕು. ಸಾವಿನ ಪತ್ರಿಕೆಗೆ ‘ದಿವಂಗತ’ ಎಂದು ಹಾಕಿ, ಎಲ್ಲರಿಗೂ ಹೊಂದುತ್ತದೆ.

ಮಸ್ಕಿ ಮಾಸ್ತರ, ರಾಯಚೂರು ಜಿಲ್ಲೆ

‘ದಿವಂಗತ’ ಎಂದರೆ ದಿವಕ್ಕೆ, ಅಂದರೆ ಸ್ವರ್ಗಕ್ಕೆ ಹೋದವರು ಎಂದೇ ಅರ್ಥ, ನೇರಮಾತಿನವರೇ. ಅದೂ ಒಂದು ನಂಬಿಕೆಯೇ. ನಾಲ್ಕು ವಚನದ ಮಾತಿಗೆ ಆಮೇಲೆ ಬರುತ್ತೇನೆ.

ಅಚ್ಚುಮನೆಯವರೇ, ನಿಮ್ಮ ತಪ್ಪಿಗಿಂತ ದೊಡ್ಡ ತಪ್ಪನ್ನು ಮೂವತ್ತೊಂದು ವರ್ಷ ಸಂಬಳ ತೆಗೆದುಕೊಂಡು ಮಾಡಿದವನು ನಾನು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಬೌದ್ಧ ಧರ್ಮವೆಂದರೆ ನಾಲ್ಕು ಆರ್ಯಸತ್ಯ, ಅಷ್ಟಾಂಗ ಮಾರ್ಗ, ಪರೀಕ್ಷೆಯಲ್ಲಿ ನಾಲ್ಕು ಅಂಕ. ‘ಬೌದ್ಧರು ಹೀಗೆ ನಂಬುತ್ತಿದ್ದರು’ ಎಂದು ಪಾಠ ಮಾಡುತ್ತಿದ್ದೆ. ಒಂದು ದಿನ ಒಬ್ಬ ಹುಡುಗ “ಸರ್, ಈಗ ಅವರೆಲ್ಲ ಎಲ್ಲಿದ್ದಾರೆ?” ಎಂದು ಕೇಳಿದ. ನಾನು ಶ್ರೀಲಂಕಾ, ಜಪಾನ್ ಎಂದು ಭೂಪಟದ ಕಡೆ ಕೋಲು ತೋರಿಸುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿ “ಸರ್, ನಾವು” ಎಂದಳು. ಭೂತಕಾಲದ ಕ್ರಿಯಾಪದ ಬಳಸಿ ನಾನು ಎದುರಿಗೆ ಕೂತ ಮಗುವನ್ನೇ ಇಲ್ಲವಾಗಿಸಿದ್ದೆ.

ಆ ಯುವಕನಿಗೆ ಏಕೆ ನೋವಾಯಿತು ಎಂಬುದನ್ನು ತಿಳಿಯಲು ಒಂದು ಸಂಗತಿ ಗೊತ್ತಿರಬೇಕು. 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಡಾ. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದಾಗ ತಮ್ಮೊಂದಿಗೆ ಬಂದ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಬ್ರಹ್ಮ, ವಿಷ್ಣು, ಮಹೇಶ್ವರರನ್ನು ದೇವರೆಂದು ನಂಬುವುದಿಲ್ಲ, ಪೂಜಿಸುವುದಿಲ್ಲ ಎಂಬುದೇ ಮೊದಲನೆಯದು. ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ ಎಂಬುದೂ ಅದರಲ್ಲಿದೆ. ಕೈಲಾಸ ಯಾರ ಮನೆ? ಮಹೇಶ್ವರನದು. ಅಂದರೆ ಅದು ಬರಿಯ ಅಚ್ಚಿನ ತಪ್ಪಲ್ಲ. ಆ ಮನುಷ್ಯ ಬದುಕಿನುದ್ದಕ್ಕೂ ‘ಬೇಡ’ ಎಂದದ್ದನ್ನು ಸತ್ತ ಮೇಲೆ ನೀವು ‘ಬೇಕು’ ಎನ್ನಿಸಿದಿರಿ. ಪ್ರೂಫ್ ನೋಡುವವನನ್ನು ಇಟ್ಟುಕೊಂಡರೂ ಇದು ಗೊತ್ತಿಲ್ಲದಿದ್ದರೆ ಆತನಿಗೆ ಅಲ್ಲಿ ಕಾಣುವುದು ಕಾಗುಣಿತ ಮಾತ್ರ.

ಹಾಗೆಂದು ‘ಬೌದ್ಧರಿಗೆ ಸ್ವರ್ಗವೇ ಇಲ್ಲ’ ಎಂದು ಬರೆದಿಟ್ಟುಕೊಂಡರೆ ಅದೂ ಅರೆಜ್ಞಾನವೇ. ನಿಮ್ಮ ಊರಿನಲ್ಲಿಯೇ ಸಾಕ್ಷಿ ಇದೆ. ಗವಿಮಠದ ಬೆಟ್ಟದ ಮೇಲೆ ಅಶೋಕನ ಶಾಸನವಿದೆಯಲ್ಲ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ‘ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಪಾಸಕನಾಗಿದ್ದರೂ (ಮನೆಯಲ್ಲಿದ್ದೇ ಬುದ್ಧನ ದಾರಿ ಹಿಡಿದವನು ಉಪಾಸಕ) ಮೊದಲು ಅಷ್ಟು ಶ್ರಮಿಸಲಿಲ್ಲ, ಭಿಕ್ಷುಗಳ ಸಂಘಕ್ಕೆ ಹತ್ತಿರವಾದ ಮೇಲೆ ಹೆಚ್ಚು ಶ್ರಮಿಸಿದೆ’ ಎಂದು ಚಕ್ರವರ್ತಿ ತನ್ನ ಆಲಸ್ಯವನ್ನು ತಾನೇ ಒಪ್ಪಿಕೊಳ್ಳುತ್ತಾನೆ. ಮುಂದೆ, ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಶ್ರಮಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಹುದು ಎಂಬ ಭರವಸೆ. ಅಲ್ಲಿರುವ ಪದವೇ ‘ಸ್ವಗ’. ಬೌದ್ಧರ ಲೆಕ್ಕದಲ್ಲಿ ಸ್ವರ್ಗವಿದೆ. ಆದರೆ ಅದು ಕೊನೆಯ ನಿಲ್ದಾಣವಲ್ಲ, ಪುಣ್ಯ ತೀರಿದರೆ ಅಲ್ಲಿಂದಲೂ ಇಳಿಯಬೇಕು. ದುಃಖಕ್ಕೆ ಕೊನೆಯೆಂದರೆ ನಿರ್ವಾಣ. ಒಂದೇ ಧರ್ಮದೊಳಗೆ ಅಶೋಕನ ಕಾಲದ ಉಪಾಸಕ ಒಂದನ್ನು ಆಶಿಸಿದ, ನಾಗಪುರದಲ್ಲಿ ಕೈ ಎತ್ತಿದ ಉಪಾಸಕ ಇನ್ನೊಂದನ್ನು. ಎರಡನ್ನೂ ಒಂದೇ ಕಡತಕ್ಕೆ ತುಂಬಲಾಗದು.

ನಮ್ಮ ಮಸ್ಕಿಯ ಶಾಸನದ ಬಗ್ಗೆ ಹೇಳದೆ ಬಿಟ್ಟರೆ ಊರಿನವರು ನನ್ನನ್ನು ಬಿಡುವುದಿಲ್ಲ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು ಅದು. ಅಷ್ಟರವರೆಗೆ ಸಿಕ್ಕ ಅಶೋಕನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದವು. ಅವನ ಸ್ವಂತ ಶಾಸನದಲ್ಲಿ ‘ಅಶೋಕ’ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಇಲ್ಲಿ. ಆದರೆ ಪ್ರಿಯದರ್ಶಿ ಎಂದರೆ ಅಶೋಕನೇ ಎಂಬುದನ್ನು ಅದಕ್ಕೂ ಮೊದಲೇ ಊಹಿಸಿದ್ದರು. ಹೇಗೆ? ಸಿಂಹಳದ ಭಿಕ್ಷುಗಳು ಕಾಪಾಡಿಕೊಂಡು ಬಂದ ಪಾಳಿ ಗ್ರಂಥಗಳನ್ನು ಓದಿ. ಈ ನೆಲ ತನ್ನ ರಾಜನನ್ನು ಮರೆತಿತ್ತು, ಪರನಾಡಿನ ಮಠದ ಓಲೆಗರಿ ನೆನಪಿಟ್ಟಿತ್ತು.

ಅವ್ವನವರ ಹೆದರಿಕೆಗೆ: ಓದುವುದು ಬೇರೆ, ಸೇರುವುದು ಬೇರೆ. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ. ಧರ್ಮಗಳ ಕುರಿತ ಅಧ್ಯಯನಕ್ಕೆ ಆ ಅಡ್ಡಿ ಇಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಶಾಲೆಗಳು ಎರಡನೆಯದಕ್ಕೂ ಹೆದರಿ ಸುಮ್ಮನಾದವು. ಇದು ನನ್ನ ದೂರು, ಕಾನೂನಿನದಲ್ಲ.

ಇನ್ನು ವಚನ. ‘ಕಾಯಕವೇ ಕೈಲಾಸ’ ಎಂದ ಆಯ್ದಕ್ಕಿ ಮಾರಯ್ಯ ನಮ್ಮ ಲಿಂಗಸೂಗೂರು ಸೀಮೆಯವನು. ಕೈಲಾಸವನ್ನು ಸತ್ತ ಮೇಲಿನ ವಿಳಾಸವಾಗಿ ಬಿಡದೆ ಇಲ್ಲಿನ ದುಡಿಮೆಗೆ ಇಳಿಸಿದವನು. ಅಚ್ಚುಮನೆಯವರೇ, ನೀವು ಲಿಂಗಾಯತರ ಮನೆಗೆ ಎರಡು ಕಡತ ಇಟ್ಟುಕೊಂಡಿರಬೇಕು. ‘ಲಿಂಗೈಕ್ಯ’ ಎಂದರೆ ಒಂದಾದವನು. ‘ಕೈಲಾಸವಾಸಿ’ ಎಂದರೆ ಹೋಗಿ ಬೇರೆ ಕಡೆ ವಾಸವಾದವನು. ಒಂದಾದ ಮೇಲೆ ವಾಸ ಎಲ್ಲಿ? ಬೇರೆಯವರ ಧರ್ಮವನ್ನು ಓದತೊಡಗಿದವನಿಗೆ ಮೊದಲು ಎಡವಲು ಸಿಗುವ ಕಲ್ಲು ಸ್ವಂತ ಮನೆಯ ಹೊಸ್ತಿಲೇ.

ರಾತ್ರಿಪಾಳಿ, ಬಳ್ಳಾರಿ

ಅಣ್ಣ, ನಾನು ನರ್ಸ್. ನಿಮ್ಮದು ಸತ್ತ ಮೇಲಿನ ಕೆಲಸ, ನನ್ನದು ಅದಕ್ಕೆ ಸ್ವಲ್ಪ ಮೊದಲಿನದು.

ಪ್ರಯೋಜನ ಕೇಳಿದ್ದೀರಿ. ವಾರ್ಡಿನಲ್ಲಿ ಒಬ್ಬ ಜೈನ ಅಜ್ಜಿ ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟುತ್ತಿರಲಿಲ್ಲ. ರಾತ್ರಿ ಒಂಬತ್ತರ ಮಾತ್ರೆಯನ್ನು ತಲೆದಿಂಬಿನ ಕೆಳಗೆ ಇಟ್ಟು ‘ನುಂಗಿದೆ’ ಎನ್ನುತ್ತಿದ್ದರು. ಹಟಮಾರಿ ಅಜ್ಜಿ ಎಂದು ಮೂರು ದಿನ ಗದರಿದೆವು. ಕತ್ತಲಲ್ಲಿ ಕಾಣದ ಜೀವಕ್ಕೂ ಹಿಂಸೆಯಾಗಬಾರದೆಂಬ ವ್ರತವದು ಎಂದು ತಿಳಿದ ದಿನ ವೈದ್ಯರನ್ನು ಕೇಳಿ ಮಾತ್ರೆಯ ಹೊತ್ತನ್ನೇ ಸಂಜೆಗೆ ಹಾಕಿಸಿದೆ. ಮುಗಿಯಿತು ಜಗಳ. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಟಿನ್ ಇರಬಹುದೆಂದು ಕೇಳುವವರೂ ಇದ್ದಾರೆ. ಕೇಳುವುದು ಅವರ ಹಕ್ಕು.

ಆದರೆ ತಿಳಿದದ್ದೆಲ್ಲ ಗೆಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ರಂಜಾನ್ ತಿಂಗಳಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಚಾಚಾಗೆ “ಕಾಯಿಲೆಯವರಿಗೆ ಕುರಾನಿನಲ್ಲಿಯೇ ವಿನಾಯಿತಿ ಇದೆ, ಬೇರೆ ದಿನಗಳಲ್ಲಿ ರೋಜಾ ಪೂರೈಸಬಹುದು” ಎಂದು ದೊಡ್ಡ ಪಂಡಿತಳಂತೆ ಹೇಳಿದೆ. ಅವರು ನಕ್ಕರು. “ಗೊತ್ತಮ್ಮಾ. ಆದರೆ ಸಂಜೆ ಮನೆಯವರೆಲ್ಲ ಖರ್ಜೂರ ಕೈಯಲ್ಲಿ ಹಿಡಿದು ಕಾಯುವಾಗ ನಾನೊಬ್ಬನೇ ಹೊಟ್ಟೆ ತುಂಬಿ ಕೂತಿರಬೇಕಲ್ಲ, ಅದಕ್ಕೆ ಯಾವ ವಿನಾಯಿತಿ?” ನನ್ನ ಬಳಿ ಉತ್ತರವಿರಲಿಲ್ಲ. ಅವರ ಮಗಳು ಸಂಜೆ ಊಟದ ಡಬ್ಬಿಯೊಂದಿಗೆ ಆಸ್ಪತ್ರೆಗೇ ಬಂದು ಅವರ ಜೊತೆ ರೋಜಾ ಬಿಡತೊಡಗಿದಳು. ಅಪ್ಪ ಹಗಲು ಔಷಧಿ, ಗಂಜಿ ತೆಗೆದುಕೊಂಡರು.

ನಾವು ಕ್ರೈಸ್ತರು. ನಮ್ಮ ಮನೆಯ ಪತ್ರಿಕೆ ನಿಮ್ಮಲ್ಲಿಗೆ ಬಂದರೆ ‘ಪ್ರಭುವಿನಲ್ಲಿ ನಿದ್ರೆಹೋದರು’ ಎಂದಿರುತ್ತದೆ. ನಿಮ್ಮ ಹುಡುಗ ಅದನ್ನು ತಪ್ಪೆಂದು ತಿದ್ದದಿರಲಿ. ಸತ್ತವರು ಒಂದು ದಿನ ಎದ್ದುಬರುತ್ತಾರೆಂಬ ನಂಬಿಕೆ ಇರುವವರಿಗೆ ಸಾವು ನಿದ್ರೆಯೇ. ಇಂಗ್ಲಿಷಿನಲ್ಲಿ ಸ್ಮಶಾನಕ್ಕೆ ಹೇಳುವ ‘ಸೆಮೆಟರಿ’ ಎಂಬ ಪದ ಬಂದದ್ದೂ ಗ್ರೀಕಿನ ‘ಮಲಗುವ ಜಾಗ’ ಎಂಬುದರಿಂದ. ಹಾಗೆಯೇ ನಮ್ಮವರು ‘ವಾಕ್ಯ ಓದಿದೆವು’ ಎಂದರೆ ವ್ಯಾಕರಣದ ವಾಕ್ಯವಲ್ಲ, ದೇವರ ಮಾತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಯೇ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತವರು. ಪಾಪ, ರಕ್ಷಣೆ, ಆತ್ಮ, ಎಲ್ಲವೂ ಆಗಲೇ ಬೇರೆ ಅರ್ಥ ಹೊತ್ತು ತಿರುಗುತ್ತಿದ್ದ ಪದಗಳು. ಅವರ ಮೇಜಿನ ಮೇಲೂ ನಿಮ್ಮ ತೊಂದರೆಯೇ ಇದ್ದಿರಬೇಕು, ಅಣ್ಣ.

ಮುದಗಲ್ಲಿನವನು, ಸದ್ಯ ಬೆಂಗಳೂರು

ಮೊದಲು ಒಂದು ಚಿಕ್ಕ ಟಿಪ್ಪಣಿ. ‘ಮರ್ಹೂಮ್’ ಎಂದರೆ ಸತ್ತವನು ಎಂದು ಎಷ್ಟೋ ಜನ ತಿಳಿದಿದ್ದಾರೆ. ರಹೀಮ್, ರಹಮಾನ್ ಹುಟ್ಟಿದ ಮೂಲದಿಂದಲೇ ಅದೂ ಹುಟ್ಟಿದ್ದು. ಕರುಣೆಗೆ ಪಾತ್ರನಾದವನು ಎಂದು ಅರ್ಥ. ಅದು ಸುದ್ದಿಗಿಂತ ಹೆಚ್ಚಾಗಿ ಹಾರೈಕೆ.

ಮುದಗಲ್ಲಿನ ಮೊಹರಂ ಗೊತ್ತಿಲ್ಲದವರು ನಮ್ಮ ಕಡೆ ಇಲ್ಲ. ನಮ್ಮದು ಹಿಂದೂ ಮನೆ. ತಾತ ಹರಕೆ ಹೊತ್ತು ಫಕೀರರಾಗುತ್ತಿದ್ದರು. ಅಲಾಯಿ ಕುಣಿಯ ಕೆಂಡ, ಖತಲ್ ರಾತ್ರಿಯ ಪಂಜಾಗಳ (ಹಸ್ತದಾಕಾರದ ಲಾಂಛನಗಳ) ಮೆರವಣಿಗೆ, ಹುಲಿವೇಷ, ರಿವಾಯತ್ ಎಂಬ ಮೊಹರಂ ಪದ, ಅಜ್ಜಿ ಮಾಡುತ್ತಿದ್ದ ಸಿಹಿ ಚೋಂಗೆ. ನನಗದು ಊರ ಹಬ್ಬ, ಅದೂ ದಸರೆಗಿಂತ ದೊಡ್ಡದು. ಎಲ್ಲ ಕಡೆ ಶರಬತ್ತು ಕೊಡುತ್ತಿದ್ದರು. ಬೇಸಿಗೆಗೆ ಬಂದರೂ ಮಳೆಗಾಲಕ್ಕೆ ಬಂದರೂ ಶರಬತ್ತು. ಮಳೆಯಲ್ಲಿ ಏಕೆ ತಣ್ಣನೆಯ ಶರಬತ್ತು ಎಂದು ನಾನು ಎಂದೂ ಕೇಳಲಿಲ್ಲ.

ಕಚೇರಿಯಲ್ಲಿ ಲಖನೌದ ಒಬ್ಬ ಶಿಯಾ ಗೆಳೆಯನಿಗೆ ನನ್ನ ಮೊಬೈಲಿನ ಹುಲಿ ಕುಣಿತ ತೋರಿಸಿದೆ. ಆತನ ಮುಖ ಸಣ್ಣದಾಯಿತು. ಅವನಿಗೆ ಅದು ಶೋಕದ ತಿಂಗಳು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಪ್ರವಾದಿಯ ಮೊಮ್ಮಗ ಹುಸೇನರನ್ನೂ ಅವರ ಸಂಗಡಿಗರನ್ನೂ ಕೊಂದ ಕಥೆಯನ್ನು ಹೇಳಿದ. ಯೂಫ್ರೆಟಿಸ್ ನದಿ ಹತ್ತಿರದಲ್ಲಿದ್ದೂ ನೀರು ಮುಟ್ಟಲು ಬಿಡಲಿಲ್ಲವಂತೆ, ಮಕ್ಕಳೂ ಬಾಯಾರಿದ್ದರಂತೆ. ಆಗ ಶರಬತ್ತು ಅರ್ಥವಾಯಿತು. ಮೂವತ್ತು ವರ್ಷ ಯಾರದೋ ಬಾಯಾರಿಕೆಯ ನೆನಪನ್ನು ನಾನು ಸಕ್ಕರೆ ನೀರೆಂದು ಕುಡಿದಿದ್ದೆ.

ಇದನ್ನು ಪಕ್ಕದಲ್ಲಿ ಕೇಳುತ್ತಿದ್ದ ಸುನ್ನಿ ಗೆಳೆಯನೊಬ್ಬ “ಕುಣಿಯೂ ಪಂಜಾವೂ ಇಸ್ಲಾಮಿನಲ್ಲಿ ಇಲ್ಲವೇ ಇಲ್ಲ” ಎಂದ. ಒಂದೇ ಮೇಜು, ಮೂವರು, ಮೂರು ಮೊಹರಂ. ಅದಕ್ಕೇ ಮಾಸ್ತರರಿಗೆ ನನ್ನದೊಂದು ಪ್ರಶ್ನೆ: ಪುಸ್ತಕ ಹಿಡಿದು ನೋಡಿದರೆ ನಮ್ಮ ತಾತ ಯಾವ ಧರ್ಮದವರೂ ಆಗುವುದಿಲ್ಲ. ಓದು ಅವರನ್ನು ತಪ್ಪೆಂದು ಹೊಡೆದುಹಾಕುವುದಾದರೆ ಅಂಥ ಓದು ನನಗೆ ಬೇಡ.

ಮಸ್ಕಿ ಮಾಸ್ತರ

ತಮ್ಮಾ, ತಾತನನ್ನು ಹೊಡೆದುಹಾಕುವ ಓದು ಓದಲ್ಲ, ಪಂಚಾಯಿತಿ. ಕ್ರಿ.ಶ. 1030ರ ಸುಮಾರಿಗೆ ಅಲ್ ಬೀರೂನಿ ಸಂಸ್ಕೃತ ಕಲಿತು ಹಿಂದೂಗಳ ಬಗ್ಗೆ ದೊಡ್ಡ ಗ್ರಂಥ ಬರೆದ. ಘಜನಿಯ ಮಹಮೂದನ ದಾಳಿಗಳ ಕಾಲ ಅದು. ಆದರೂ ‘ಇದು ವಾದಕ್ಕೆ ಬರೆದ ಪುಸ್ತಕವಲ್ಲ, ಅವರು ಹೇಳುವುದನ್ನು ಹಾಗೆಯೇ ಇಡುತ್ತೇನೆ’ ಎಂಬ ಅರ್ಥದ ಮಾತನ್ನು ಮೊದಲಿಗೇ ಹೇಳಿಕೊಂಡ. ಹೌದು, ನಡುನಡುವೆ ಆತ ಸಿಡುಕುವುದೂ ಉಂಟು. ನಿಮ್ಮ ತಾತ ಹೇಳುತ್ತಿದ್ದದ್ದನ್ನೂ ಹಾಗೆಯೇ ಬರೆದಿಡಿ. ಮೂರು ಮೊಹರಂ ಎಂದಿರಲ್ಲ, ಮೂರನ್ನೂ ಬರೆಯಿರಿ. ರಿವಾಯತ್ ಪದ ಯಾವುದಾದರೂ ನೆನಪಿದ್ದರೆ ಅದನ್ನು ಮೊದಲು.

ನೇರಮಾತು, ಗಂಗಾವತಿ

‘ದಿವಂಗತ’ದ ಅರ್ಥ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೂ ಇಷ್ಟೆಲ್ಲ ಭೇದ ಹುಡುಕಿದರೆ ಜಗಳ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು ಎಂಬ ನನ್ನ ಮಾತು ಹಾಗೆಯೇ ಇದೆ.

ಅಚ್ಚುಮನೆ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಉತ್ತರ ತಡವಾಯಿತು, ಮದುವೆಗಳ ಕಾಲ.

ನೇರಮಾತಿನವರೇ, ‘ದೇವನೊಬ್ಬ ನಾಮ ಹಲವು’ ಎಂದು ನಾನು ಸಾವಿರಾರು ಕ್ಯಾಲೆಂಡರಿನ ಮೇಲೆ ಅಚ್ಚು ಹಾಕಿದ್ದೇನೆ, ಗೋಡೆಗೆ ಚೆನ್ನಾಗಿ ಕಾಣುತ್ತದೆ. ಸತ್ತವರ ಹೆಸರಿಗೆ ಮೊದಲು ಒಂದು ಪದ ಹಾಕಬೇಕಾದಾಗ ಅದು ಉಪಯೋಗಕ್ಕೆ ಬರಲಿಲ್ಲ. ಜಗಳದ ಮಾತೂ ನನ್ನ ಅನುಭವಕ್ಕೆ ಕೂಡುತ್ತಿಲ್ಲ. ಆ ಯುವಕ ನೊಂದದ್ದು ನಾನು ಭೇದ ಮಾಡಿದೆನೆಂದಲ್ಲ, ಮಾಡಲಿಲ್ಲವೆಂದು.

ಮಾಸ್ತರರ ಮಾತು ಕೇಳಿ ಮಗಳನ್ನು ಕರೆದುಕೊಂಡು, ಅಶೋಕನ ಇನ್ನೊಂದು ಶಾಸನವಿರುವ ಪಾಲ್ಕಿಗುಂಡು ಬೆಟ್ಟ ಹತ್ತಿದೆ. ಕೊಪ್ಪಳದಲ್ಲಿ ಹುಟ್ಟಿ ಬೆಳೆದೂ ಶಾಲೆಯ ಪ್ರವಾಸದ ನಂತರ ಅತ್ತ ಹೋಗಿರಲಿಲ್ಲ. ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯ ಚಪ್ಪರದಂತೆ ಹಾಸುಗಲ್ಲು. ಅದರಡಿಯ ಅಶೋಕನ ಅಕ್ಷರಗಳು ಬಹಳ ಸವೆದಿವೆ, ಗವಿಮಠದಲ್ಲಿರುವುದೇ ಮೇಲು. ಆದರೆ ಆ ಬೆಟ್ಟದ ಮೇಲೆ ಇನ್ನೊಂದನ್ನು ಕಂಡೆ. ಬಂಡೆಯ ಮೇಲೆ ಎರಡು ಪಾದ, ಕೆಳಗೆ ಹಳಗನ್ನಡ. ಜಟಾಸಿಂಗನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಮಾಡಿಸಿದನು ಎಂದಷ್ಟೇ ಇದೆಯಂತೆ, ಮಗಳು ಎಲ್ಲಿಯೋ ಓದಿ ಹೇಳಿದಳು. ಅವರು ದೊಡ್ಡ ಜೈನ ಕವಿ, ಕೊಪ್ಪಳ ಆಗ ಜೈನರ ದೊಡ್ಡ ತೀರ್ಥ. ನನ್ನ ಕಸುಬಿನ ಕಣ್ಣಿಗೆ ಅದೊಂದು ಸಾವಿನ ಪತ್ರಿಕೆ. ಹೆಸರು, ಪಾದ, ಮಾಡಿಸಿದವನ ಹೆಸರು. ಅವರು ಎಲ್ಲಿಗೆ ಹೋದರೆಂದು ಚಾವಯ್ಯ ಬರೆಸಲಿಲ್ಲ. ಅರ್ಧ ಗಂಟೆ ಅಲ್ಲಿಯೇ ಕೂತಿದ್ದೆ.

ಅಂಗಡಿಯಲ್ಲಿ ‘ಸಾವು 1’ರಿಂದ ‘ಸಾವು 4’ರವರೆಗೆ ಅಳಿಸಿಹಾಕಿದೆ. ಈಗಿರುವುದು ಒಂದೇ ಕಡತ, ಹೆಸರಿಗೆ ಮೊದಲು ಖಾಲಿ ಜಾಗ. “ಇಲ್ಲಿ ಏನು ಹಾಕೋಣ?” ಎಂದು ಕೇಳುವಂತೆ ಹುಡುಗನಿಗೆ ಹೇಳಿದ್ದೇನೆ. ಮೂರು ನಿಮಿಷದ ಕೆಲಸ ಈಗ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೊನ್ನೆ ಒಬ್ಬ ಮುದುಕಿ ತನ್ನ ಗಂಡನ ಹೆಸರಿಗೆ ಮೊದಲು ‘ಬಡಿಗ’ ಎಂದು ಹಾಕಿಸಿದರು. ಕೊನೆಯವರೆಗೂ ಉಳಿ ಬಿಡದ ಮನುಷ್ಯನಂತೆ. ಹಾಕಿಕೊಟ್ಟೆ.

ಆ ಯುವಕನನ್ನೂ ಹುಡುಕಿಕೊಂಡು ಹೋದೆ. 22 ಪ್ರತಿಜ್ಞೆಗಳ ಚಿಕ್ಕ ಪುಸ್ತಕ ಕೊಟ್ಟ. ಶಾಸನದಲ್ಲಿ ‘ಸ್ವಗ’ ಇದೆಯಂತಲ್ಲ ಎಂದು ಮೆಲ್ಲಗೆ ಕೇಳಿದ್ದಕ್ಕೆ “ಇರಲಿ ಅಣ್ಣಾ, ಅದು ಅಶೋಕನದು. ನಮ್ಮಪ್ಪ ಏನೆನ್ನುತ್ತಿದ್ದರೆಂದು ನಾನು ಹೇಳುತ್ತೇನೆ, ಬಂಡೆಯ ಹತ್ತಿರವೇ ಕೂತು ಮಾತಾಡೋಣ” ಎಂದ. ಅವ್ವ ಎಲ್ಲವನ್ನೂ ಕೇಳಿ, ಬುತ್ತಿಗೆ ರೊಟ್ಟಿ ಎಷ್ಟು ಬೇಕೆಂದು ಮಾತ್ರ ವಿಚಾರಿಸಿದಳು.

ಭಾನುವಾರ ಅಂಗಡಿ ರಜೆ. ಮಾಸ್ತರರೇ, ಮಸ್ಕಿಯಿಂದ ಬರುವುದಾದರೆ ಬೆಳಿಗ್ಗೆ ಏಳಕ್ಕೆ ಗವಿಮಠದ ಬಳಿ ಇರುತ್ತೇವೆ. ತಡ ಮಾಡಬೇಡಿ, ಬಿಸಿಲೇರಿದರೆ ಆ ಬಂಡೆಯ ಮೇಲೆ ಕಾಲಿಡಲಾಗದು.